ಚಿರತೆಗೆ ಗುಂಡು ಹೊಡೆಯುವ ಹಕ್ಕು ಯಾರದು?

2019ರ ಕೊನೆಯಿಂದ 2020ರ ಮೊದಲಿನವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಚಿರತೆಯ ಬಾಯಿಗೆ ಮಕ್ಕಳೂ ಸಿಕ್ಕಿದ್ದನ್ನು ನೀವು ಮರೆತಿರಲಾರಿರಿ. ಬಂದೂಕಿದ್ದವನು ಹೊಡೆದು ಕೆಡಹಬಾರದೇ? ಹೆತ್ತವರ ಪ್ರಶ್ನೆ ಇದು, ತಳ್ಳಿಹಾಕುವಂತಿಲ್ಲ.

ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ, ಮನುಷ್ಯರ ಪ್ರಾಣಕ್ಕೆ ಅಪಾಯವಾದ ಚಿರತೆಯನ್ನು ಹಿಡಿಯುವುದಾಗಲಿ, ಮಂಪರು ಬರಿಸುವುದಾಗಲಿ, ಬೇರೆಡೆ ಸಾಗಿಸುವುದಾಗಲಿ ಆಗದೆಂದು ಮನವರಿಕೆಯಾದರೆ ಮಾತ್ರ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರು ಕಾರಣ ಬರೆದು ಅಪ್ಪಣೆ ಕೊಡಬಹುದು. ಮೇಲೆರಗಿದಾಗ ಪ್ರಾಣರಕ್ಷಣೆಗಾಗಿ ಕೊಂದರೆ ಅಪರಾಧವಲ್ಲ. ಸತ್ತ ಚಿರತೆ ಮಾತ್ರ ಸರ್ಕಾರದ ಸೊತ್ತು. ಚರ್ಮದ ಆಸೆ ಬೇಡ!

ಇನ್ನೊಂದು ತೊಡಕುಂಟು. ಚಿರತೆಗೆ ದಟ್ಟ ಕಾಡೇ ಬೇಕೆಂದಿಲ್ಲ. ಕಲ್ಲುಗುಡ್ಡ, ಲಂಟಾನ ಹಬ್ಬಿದ ಗೋಮಾಳ, ತೋಟದ ಮರೆ ಸಾಕು. ಊರ ನಾಯಿ, ಮೇಕೆಗಳೇ ಊಟ. ಮಗುವನ್ನು ಕೊಂದದ್ದು ಇವುಗಳಲ್ಲಿ ಯಾವುದೆಂದು ರಾತ್ರಿಯ ಕತ್ತಲಲ್ಲಿ ಗುರುತಿಸುವವರಾರು? ಬೇರೊಂದನ್ನು ಕೊಂದರೆ, ಕೊಂದ ಚಿರತೆ ಅದೇ ಪೊದೆಯಲ್ಲಿ ಉಳಿದಿರುತ್ತದೆ.