ಹುಂಜ ಸುಮ್ಮನೆ ಒದರುವುದಿಲ್ಲ

ಬೀದರಿನ ಹಳೇ ಊರಿನಲ್ಲಿ, ಮಹಮೂದ್ ಗವಾನ್ ಮದರಸಾದ ಆಚೀಚಿನ ಓಣಿಗಳಲ್ಲಿ, ಬೆಳಗಾಗಿ ಬುಟ್ಟಿ ಎತ್ತಿದರೆ ಸಾಕು, ಜವಾರಿ ಕೋಳಿಗಳು ಹೊರಬಿದ್ದು ಗೋಡೆಬುಡದ ಕೆಂಪು ಮಣ್ಣು ಕೆದರತೊಡಗುತ್ತವೆ. ವಾಯುಪಡೆಯ ತರಬೇತಿ ಜೆಟ್‌ಗಳು ಗುಡುಗುತ್ತಾ ಹಾದುಹೋದರೂ ತಲೆ ಎತ್ತುವುದಿಲ್ಲ. ಕೋಟೆಯ ಮೇಲೆ ಎತ್ತರದಲ್ಲಿ ಸುತ್ತುವ ಹದ್ದುಗಳ ಕಡೆಗೂ ಅಷ್ಟಾಗಿ ಲಕ್ಷ್ಯವಿಲ್ಲ. ದಿನವೂ ಕಂಡು, ಕೇಡು ಮಾಡದೆ ಹೋಗುವುದಕ್ಕೆ ಕೋಳಿ ಹೊಂದಿಕೊಂಡುಬಿಡುತ್ತದೆ. ಅದೇ ಹದ್ದು ಮಾಳಿಗೆಯ ಮಟ್ಟಕ್ಕೆ ಇಳಿದು ರೆಕ್ಕೆ ವಾಲಿಸಿದರೆ ಒಂದು ಹಿಂಡೂ ನಿಂತಲ್ಲಿ ನಿಲ್ಲುವುದಿಲ್ಲ. ಮೇಲಿನ ಆಕೃತಿ ಎಷ್ಟು ದೊಡ್ಡದಾಗಿ ಕಾಣುತ್ತದೆ, ಎಷ್ಟು ಬೇಗ ಸರಿಯುತ್ತದೆ ಎಂಬುದರಿಂದ ಕೋಳಿ ಅಪಾಯವನ್ನು ಅಳೆಯುತ್ತದೆ.

ಭಾಲ್ಕಿಯ ಕಡೆ, ತೊಗರಿ ಹೊಲದ ಅಂಚಿನ ಮನೆಗಳಲ್ಲಿ ಈ ಅಳತೆಯನ್ನು ಹತ್ತಿರದಿಂದ ಕಾಣಬಹುದು. ಮಧ್ಯಾಹ್ನದ ಬಿಸಿಲು. ಹೇಂಟೆ ಕಾಳು ತೋರಿಸುತ್ತಾ ಕರೆಯುತ್ತಿದೆ, ಮರಿಗಳು ಕಾಲ ಸುತ್ತ ಅಡ್ಡಾಡುತ್ತಿವೆ. ಬೇವಿನ ಮರದಿಂದ ಶಿಕ್ರಾ ಗಿಡುಗ ಜಾರಿತು. ಹುಂಜ ತಲೆ ವಾರೆ ಮಾಡಿ ಒಂದೇ ಕಣ್ಣನ್ನು ಆಕಾಶಕ್ಕೆ ನೆಟ್ಟು, ತೆಳ್ಳಗೆ, ಉದ್ದಕ್ಕೆ ‘ಕ್ರೀ’ ಎಂದು ಕೂಗಿತು. ಹೇಂಟೆಗಳು ಬಂಡಿಯ ಅಡಿಗೆ, ತೊಗರಿಕಟ್ಟಿಗೆಯ ಸಂದಿಗೆ ನುಗ್ಗಿದವು. ತಾಯಿಯನ್ನು ಮುಟ್ಟಲಾಗದ ಮರಿ ಇದ್ದಲ್ಲೇ ನೆಲಕ್ಕಂಟಿ ಅಲುಗದೆ ಕೂತಿತು. ಪಡಸಾಲೆಯಲ್ಲಿದ್ದ ಅಜ್ಜಿ ಮೊಮ್ಮಗನಿಗೆ ಹೇಳಿದಳು: “ಏ ತಮ್ಮಾ, ಹುಂಜ ಸುಮ್ ಸುಮ್ನೆ ಒದರಲ್ಲ. ಮ್ಯಾಲ ನೋಡು.”

ಔರಾದಿನ ಹಳ್ಳಿಯೊಂದರಲ್ಲಿ ಹೊತ್ತು ಇಳಿಯುವಾಗ ಕೇಳುವ ಕೂಗು ಬೇರೆ. ಬೇಲಿಯ ಕಲ್ಲುಗಳ ನಡುವೆ ಮುಂಗುಸಿಯ ಮೂತಿ ಕಂಡಿತು. ‘ಕೊಕ್ ಕೊಕ್ ಕೊಕ್ ಕೊಕ್ಕಾಕ್’ ಎಂದು ಬಿಟ್ಟುಬಿಟ್ಟು, ದೊಡ್ಡದಾಗಿ, ನಿಲ್ಲದ ಗದ್ದಲ ಎದ್ದಿತು. ಈ ಸಲ ಯಾವ ಕೋಳಿಯೂ ಕುಗ್ಗಲಿಲ್ಲ. ಕತ್ತು ನೀಳವಾಗಿ ಎತ್ತಿ, ನೆಟ್ಟಗೆ ನಿಂತು, ನೆಲದುದ್ದಕ್ಕೂ ಕಣ್ಣಾಡಿಸಿದವು. ಬೆಕ್ಕು ಬಂದರೂ, ನರಿ ಬಂದರೂ ಇದೇ ಗದ್ದಲ.

ಕೂಗಿನ ರೂಪವೇ ಕೂಗಿನ ಕೆಲಸವನ್ನು ಹೇಳುತ್ತದೆ. ತೆಳುವಾದ ಉದ್ದನೆಯ ದನಿ ಎಲ್ಲಿಂದ ಬಂತೆಂದು ಗುರುತಿಸುವುದು ಕಷ್ಟ. ಕೂಗಿದ ಹುಂಜ ಗಿಡುಗನಿಗೆ ಸುಲಭವಾಗಿ ಸಿಗದು. ಒಡೆದೊಡೆದ ಗದ್ದಲವಾದರೋ ಇರುವ ಜಾಗವನ್ನು ಸಾರಿ ಹೇಳುತ್ತದೆ. ಹೊಂಚಿ ಹಿಡಿಯುವ ಪ್ರಾಣಿಗೆ ತನ್ನನ್ನು ಕಂಡುಬಿಟ್ಟರೆಂದು ಗೊತ್ತಾದ ಮೇಲೆ ಬೇಟೆಯ ಆಸೆ ಕುಂದುತ್ತದೆ.

ಕ್ರಿಸ್ ಇವಾನ್ಸ್, ಲಿಂಡಾ ಇವಾನ್ಸ್ ಮತ್ತು ಪೀಟರ್ ಮಾರ್ಲರ್ 1993ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಎರಡು ಕೂಗುಗಳ ಅರ್ಥ ಬೇರೆಬೇರೆ ಎಂಬುದನ್ನು ಖಚಿತಪಡಿಸಿತು. ಯಾವ ಶತ್ರುವನ್ನೂ ತೋರಿಸದೆ ಧ್ವನಿಮುದ್ರಿಸಿದ ಕೂಗುಗಳನ್ನಷ್ಟೇ ಕೇಳಿಸಿದಾಗ, ಆಕಾಶದ ಕೂಗಿಗೆ ಹೇಂಟೆಗಳು ಮರೆಗೆ ಓಡಿ ಮೇಲೆ ನೋಡಿದವು. ನೆಲದ ಕೂಗಿಗೆ ನೆಟ್ಟಗೆ ನಿಂತು ಸುತ್ತ ನೋಡಿದವು. ಅಂದರೆ ಕೂಗು ಬರೀ ಹೆದರಿಕೆಯ ಚೀತ್ಕಾರವಲ್ಲ, ಅಪಾಯ ಯಾವ ಬಗೆಯದೆಂಬ ಸುದ್ದಿಯೂ ಅದರಲ್ಲಿದೆ. ಒಂಟಿ ಹುಂಜಕ್ಕಿಂತ ಹೇಂಟೆಗಳ ಜೊತೆಗಿರುವ ಹುಂಜ ಹೆಚ್ಚು ಕೂಗುತ್ತದೆ. ಗಿಡದ ಮರೆಯಲ್ಲಿದ್ದರೆ ಅದರ ಕೂಗು ಇನ್ನೂ ಉದ್ದವಾಗುತ್ತದೆ. ಕಾಡುಕೋಳಿಯಿಂದ ಸಾವಿರಾರು ವರ್ಷಗಳ ಹಿಂದೆ ಬೇರೆಯಾಗಿ ನಮ್ಮ ಅಂಗಳಕ್ಕೆ ಬಂದರೂ ಈ ಜಾಣ್ಮೆಯನ್ನು ಸಾಕುಕೋಳಿ ಬಿಟ್ಟುಕೊಟ್ಟಿಲ್ಲ.

ಕತ್ತಲಾದರೆ ಮಾತ್ರ ಈ ಜಾಣ್ಮೆ ಕೈಕೊಡುತ್ತದೆ. ಮಬ್ಬಿನಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣದು. ಕಾಡುಬೆಕ್ಕಿಗೆ ಅದೇ ಹೊತ್ತು ಅನುಕೂಲ. ಹಗಲಿನ ಕಾವಲು ಹುಂಜದ್ದು, ರಾತ್ರಿಯದು ನಮ್ಮದು. ದೀಪ ಹಚ್ಚುವ ಮೊದಲೇ ಗೂಡಿನ ಬಾಗಿಲು ಬೀಳಬೇಕು.

ಈಗ ಹಿತ್ತಿಲುಗಳು ಸಿಮೆಂಟಾಗುತ್ತಿವೆ. ಬೆಂಗಳೂರಿನಲ್ಲಿ ರೂಪುಗೊಂಡ ಗಿರಿರಾಜದಂಥ ತಳಿಗಳ ಮರಿಗಳು ಯಂತ್ರದಲ್ಲಿ ಮೊಟ್ಟೆಯೊಡೆದು ಹೊರಬಂದು, ಬಲ್ಬಿನ ಕಾವಿನಲ್ಲಿ ಬೆಳೆದು ಮನೆಗೆ ಬರುತ್ತವೆ. ಬೆಚ್ಚುವುದು ಮರಿಗೆ ಹುಟ್ಟಿನಿಂದಲೇ ಬರುತ್ತದೆ. ಆದರೆ ಯಾವ ಸಂದಿಗೆ ಓಡಬೇಕೆಂಬ ತಿಳಿವಳಿಕೆ ತಾಯಿಯ ಹಿಂದೆ, ಹಿಂಡಿನ ನಡುವೆ ತಿರುಗಿ ಬರುವಂಥದ್ದು. ಅಂಥ ಮರಿಗಳನ್ನು ತಂದವರು ಹಿಂಡಿನಲ್ಲಿ ಒಂದು ಜವಾರಿ ಹುಂಜವನ್ನು ಇಟ್ಟುಕೊಳ್ಳಲಿ, ಹಿತ್ತಿಲ ಮೂಲೆಯ ಪೊದೆಯನ್ನು ಕಡಿಯದೆ ಬಿಡಲಿ. ಎಚ್ಚರಿಸುವ ದನಿ ಇದ್ದು ಅಡಗಲು ಜಾಗವಿಲ್ಲದಿದ್ದರೆ ಆ ಎಚ್ಚರದಿಂದ ಜೀವ ಉಳಿಯದು.