ಆನಂದಪುರದ ಆಕಾಶಕ್ಕೂ ಬಂತು ಪರ್ಮಿಟ್ಟು!

ಆನಂದಪುರ: ಮದುವೆ ಸೀಸನ್ ಶುರುವಾಯಿತೆಂದರೆ ಇಲ್ಲಿ ಬಸ್ಸಿಗೆ ಕಾಯುವವರು ರಸ್ತೆ ನೋಡಿದರೆ ಸಾಲದು, ಆಗಾಗ ಮೇಲಕ್ಕೂ ನೋಡಬೇಕು. ದಿಬ್ಬಣದ ಬಸ್ಸಿಗಿಂತ ಮೊದಲು ಬರುವುದು ಜೇನುಹುಳದಂತೆ ಗುಂಯ್‌ಗುಡುವ ಡ್ರೋನು. ರಿಪ್ಪನ್‌ಪೇಟೆ ಕಡೆಗೆ, ಶಿಕಾರಿಪುರ ಕಡೆಗೆ ಹೊರಟು ನಿಂತವರ ತಲೆ ಮೇಲೆ ಒಂದು ಸುತ್ತು ಹಾಕಿ ಅದು ಮದುಮಕ್ಕಳ ಕಡೆಗೆ ತಿರುಗುತ್ತದೆ. ವಿಡಿಯೋ ಚೆಂದ ಬರ್ತದೆ, ಸುಳ್ಳಲ್ಲ ಮಾರಾಯ್ರೆ. ಆದರೆ ಅದು ಕೆಳಗೆ ಬಿದ್ದರೆ ತಲೆ ಯಾರದ್ದು, ಜವಾಬ್ದಾರಿ ಯಾರದ್ದು?

ಎರಡು ಕಿಲೋ ತೂಕವೆಂದರೆ ಸಿಪ್ಪೆ ಸಮೇತ ಒಂದು ಒಳ್ಳೇ ತೆಂಗಿನಕಾಯಿಯ ಭಾರ. ಹಾರುವ ಎತ್ತರ ನಾಲ್ಕೈದು ತೆಂಗಿನಮರ ಒಂದರ ಮೇಲೊಂದು ನಿಲ್ಲಿಸಿದಷ್ಟು. ಲೆಕ್ಕ ಹಾಕಲು ದೊಡ್ಡ ವಿಜ್ಞಾನಿಯೇನೂ ಬೇಕಿಲ್ಲ.

ಮದುವೆ ಒಂದೇ ಅಲ್ಲ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಡಿ ಹಳ್ಳಿಗಳ ಮನೆ-ಜಾಗ ಅಳೆಯುವುದು ಡ್ರೋನಿನಿಂದಲೇ. ಮರ ಹತ್ತುವ ಕೊನೆಗಾರರು ಸಿಗದ ಈ ಕಾಲದಲ್ಲಿ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯಲೂ ಮಲೆನಾಡಿನವರು ಡ್ರೋನಿನ ಕಡೆ ನೋಡುತ್ತಿದ್ದಾರೆ. ಹತ್ತು ಲೀಟರ್ ಟ್ಯಾಂಕು ಹೊತ್ತದ್ದು ಮದುವೆ ಡ್ರೋನಿನಂತೆ ಮರಿಯಲ್ಲ, ದೊಡ್ಡ ಪ್ರಾಣಿ. ಔಷಧಿ ಹೊಡೆಯುವ ಮೊದಲು ಸುತ್ತಲಿನವರಿಗೆ ತಿಳಿಸಬೇಕು, ಜನ-ಜಾನುವಾರು ದೂರ ಇರಬೇಕು ಎಂದು ಕೇಂದ್ರ ಕೃಷಿ ಇಲಾಖೆ 2021ರ ಡಿಸೆಂಬರಿನಲ್ಲೇ ಹೇಳಿದೆ. ಪಕ್ಕದ ಮನೆಯ ಬಾವಿ, ಜೇನುಪೆಟ್ಟಿಗೆ ಕೇಳಿಕೊಂಡು ಗಾಳಿ ಬೀಸುವುದಿಲ್ಲವಲ್ಲ!

ನಂಬರು, ಲೈಸೆನ್ಸು, ಇನ್ಷೂರೆನ್ಸು

ಕಾನೂನು ಇಲ್ಲವೆಂದು ತಿಳಿಯಬೇಡಿ. 2021ರ ಆಗಸ್ಟ್ 25ರಂದು ಕೇಂದ್ರ ಸರ್ಕಾರ ಡ್ರೋನ್ ನಿಯಮಗಳನ್ನು ಹೊರಡಿಸಿತು. ಬಸ್ಸಿನ ಭಾಷೆಯಲ್ಲಿ ಹೇಳಿದರೆ ಸುಲಭ. ಬಸ್ಸಿಗೆ ನಂಬರ್ ಪ್ಲೇಟು ಇದ್ದಂತೆ ಡ್ರೋನಿಗೂ ಒಂದು ನೋಂದಣಿ ಸಂಖ್ಯೆ. ಡ್ರೈವರಿಗೆ ಲೈಸೆನ್ಸು ಇದ್ದಂತೆ ಹಾರಿಸುವವರಿಗೆ ಪೈಲಟ್ ಸರ್ಟಿಫಿಕೇಟು. ಅದಕ್ಕೆ ವಯಸ್ಸು 18 ತುಂಬಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಒಪ್ಪಿಗೆ ಪಡೆದ ಸಂಸ್ಥೆಯಲ್ಲಿ ತರಬೇತಿ ಆಗಿರಬೇಕು. 250 ಗ್ರಾಂ ಒಳಗಿನ ಮರಿ ಡ್ರೋನಿಗೆ ಈ ಸರ್ಟಿಫಿಕೇಟು ಬೇಡ. 2 ಕಿಲೋ ತನಕದ್ದನ್ನು ಶೋಕಿಗೆ ಹಾರಿಸುವವರಿಗೂ ಬೇಡ. ಆದರೆ ಅದೇ 2 ಕಿಲೋದ್ದನ್ನು ದುಡ್ಡು ತಗೊಂಡು ಮದುವೆಗೆ ಹಾರಿಸುವವರಿಗೆ ಬೇಕೇ ಬೇಕು.

ಇನ್ಷೂರೆನ್ಸಿನ ವಿಚಾರದಲ್ಲಂತೂ ಇದು ಬರೀ ಹೋಲಿಕೆಯಲ್ಲ. 250 ಗ್ರಾಂ ಮೀರಿದ ಡ್ರೋನಿಗೆ ಥರ್ಡ್ ಪಾರ್ಟಿ ವಿಮೆ ಇರಲೇಬೇಕು. ಆ ವಿಮೆಗೂ, ಬಿದ್ದು ಹಾನಿಯಾದರೆ ಕೊಡಬೇಕಾದ ಪರಿಹಾರಕ್ಕೂ 1988ರ ಮೋಟಾರು ವಾಹನ ಕಾಯ್ದೆಯನ್ನೇ ಅನ್ವಯಿಸಿದ್ದಾರೆ. ನಿಯಮ ಮುರಿದವರಿಗೆ 1 ಲಕ್ಷ ರೂಪಾಯಿ ತನಕ ದಂಡ. ಮದುವೆ ಆಲ್ಬಮ್ಮಿನ ಖರ್ಚೇ ಅದರ ಮುಂದೆ ಅಗ್ಗ!

ಇನ್ನು ಪರ್ಮಿಟ್ಟು. ಇಡೀ ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ಬಣ್ಣ ಮಾಡಿ 'ಡಿಜಿಟಲ್ ಸ್ಕೈ' ಎಂಬ ನಕ್ಷೆಯಲ್ಲಿ ಹಾಕಿದ್ದಾರೆ. ಹಸಿರಿನಲ್ಲಿ 400 ಅಡಿ ತನಕ ಹಾರಿಸಲು ಯಾರನ್ನೂ ಕೇಳಬೇಕಿಲ್ಲ. ಹಳದಿಯಲ್ಲಿ ವಿಮಾನ ಸಂಚಾರ ನಿಯಂತ್ರಕರ ಅನುಮತಿ ಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರವೇ ಒಪ್ಪಬೇಕು. ವಿಮಾನ ನಿಲ್ದಾಣದ ಕಾಂಪೌಂಡಿನಿಂದ 8 ಕಿ.ಮೀ. ಒಳಗೆ ಅನುಮತಿ ಇಲ್ಲದೆ ಎಬ್ಬಿಸುವಂತಿಲ್ಲ. 8ರಿಂದ 12 ಕಿ.ಮೀ. ನಡುವೆ 200 ಅಡಿ ದಾಟುವಂತಿಲ್ಲ.

ಆನಂದಪುರ ಈ ಸುತ್ತಿನಿಂದ ಬಹಳ ಹೊರಗಿದೆ, ನಮಗ್ಯಾಕೆ ಎನ್ನಬಹುದು. ಆದರೆ ಇಲ್ಲಿನ ಫೋಟೋದವರು ಶಿವಮೊಗ್ಗದ ಮದುವೆಗೂ ಹೋಗುತ್ತಾರಲ್ಲ! ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು, ಅದೇ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಪ್ರಯಾಣಿಕರ ವಿಮಾನ ಬಂದಿಳಿಯಿತು. ಊರಲ್ಲಿ ಹಾರಿಸಿದ ಅಭ್ಯಾಸದಲ್ಲೇ ಅಲ್ಲಿಯೂ ಎಬ್ಬಿಸಿದರೆ ಕಥೆ ಬೇರೆಯೇ ಆಗುತ್ತದೆ.

ಏನಾಗುತ್ತದೆ ಎಂಬುದಕ್ಕೆ ಹೊರದೇಶದ ಸಾಕ್ಷಿ ಇದೆ. 2018ರ ಡಿಸೆಂಬರಿನಲ್ಲಿ ಲಂಡನ್ನಿನ ಗ್ಯಾಟ್‌ವಿಕ್ ನಿಲ್ದಾಣದ ಬಳಿ ಡ್ರೋನು ಕಂಡಿತೆಂಬ ವರದಿಗೇ ರನ್‌ವೇ ಮುಚ್ಚಿದರು. ಸುಮಾರು ಸಾವಿರ ವಿಮಾನಗಳು ರದ್ದಾದವು ಇಲ್ಲವೇ ಬೇರೆಡೆ ಹೋದವು, ಸುಮಾರು 1,40,000 ಜನ ಕ್ರಿಸ್‌ಮಸ್ ಹೊತ್ತಿಗೆ ಪರದಾಡಿದರು. 2025ರ ಜನವರಿಯಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಕಾಡ್ಗಿಚ್ಚಿಗೆ ನೀರು ಸುರಿಯುತ್ತಿದ್ದ ವಿಮಾನಕ್ಕೆ ಒಬ್ಬನ ಡ್ರೋನು ಬಡಿದು ರೆಕ್ಕೆಯಲ್ಲಿ ತೂತು ಬಿತ್ತು. ಬೆಂಕಿ ಉರಿಯುತ್ತಿರುವಾಗಲೇ ಆ ವಿಮಾನವನ್ನು ಕೆಲಸದಿಂದ ಇಳಿಸಬೇಕಾಯಿತು.

ಲಸಿಕೆಯೂ ಹಾರಿ ಬರುತ್ತದೆ

ಹಾಗಂತ ಡ್ರೋನೇ ಬೇಡ ಎಂದರೆ ನಷ್ಟ ಮಲೆನಾಡಿನವರಿಗೇ. 2021ರ ನವೆಂಬರಿನಲ್ಲಿ ಬೆಂಗಳೂರಿನ ಎನ್.ಎ.ಎಲ್. ತಯಾರಿಸಿದ ಡ್ರೋನು ಆನೇಕಲ್ ತಾಲ್ಲೂಕಿನ ಚಂದಾಪುರದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಾರಗದ್ದೆಯ ಕೇಂದ್ರಕ್ಕೆ 50 ಬಾಟಲಿ ಕೋವಿಡ್ ಲಸಿಕೆ ಹೊತ್ತೊಯ್ಯಿತು. ರಸ್ತೆಯಲ್ಲಿ ಅರ್ಧ ಗಂಟೆಗೂ ಮೀರಿ ಹಿಡಿಯುವ ದಾರಿ, ಗಾಳಿಯಲ್ಲಿ ಸುಮಾರು ಹತ್ತೇ ನಿಮಿಷ. ಸಿಗಂದೂರಿನ ಸೇತುವೆ 2025ರ ಜುಲೈನಲ್ಲಿ ಆಗುವ ತನಕ ಲಾಂಚಿಗೆ ಕಾದ ತುಮರಿಯವರಿಗೆ ಹತ್ತು ನಿಮಿಷದ ಬೆಲೆ ಬಿಡಿಸಿ ಹೇಳಬೇಕೇ? ಸೇತುವೆ ಇಲ್ಲದ, ಮಳೆಗಾಲದಲ್ಲಿ ಧರೆ ಕುಸಿದು ದಾರಿ ಕಟ್ಟುವ ಹಳ್ಳಿಗಳು ಹೊಸನಗರ, ತೀರ್ಥಹಳ್ಳಿ ಕಡೆ ಇನ್ನೂ ಇವೆ. ಹಾವು ಕಡಿದವರಿಗೆ ಔಷಧಿ ಒಯ್ಯುವ ಡ್ರೋನಿಗೆ ನಂಬರಿಲ್ಲದ ಮದುವೆ ಡ್ರೋನು ಅಡ್ಡ ಬರಬಾರದಲ್ಲ!

ಯಾವುದು ಎಲ್ಲಿ ಹಾರುತ್ತಿದೆ ಎಂದು ಆಗಿಂದಾಗ್ಗೆ ಗೊತ್ತಾಗಲೆಂದೇ ಡ್ರೋನ್ ಸಂಚಾರ ವ್ಯವಸ್ಥೆಯ ನೀತಿಯೊಂದನ್ನು ಕೇಂದ್ರ 2021ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಕೆಲಸವನ್ನು ಆಕಾಶದಲ್ಲಿ ಕಂಪ್ಯೂಟರ್ ಮಾಡುವ ಲೆಕ್ಕ. ಆದರೆ ನೋಂದಣಿಯೇ ಇಲ್ಲದ ಡ್ರೋನು ಯಾವ ಕಂಪ್ಯೂಟರಿಗೆ ತಾನೇ ಕಂಡೀತು?

ಜಾತ್ರೆಯೋ, ಗಣ್ಯರ ಭೇಟಿಯೋ ಇದ್ದಾಗ 96 ಗಂಟೆ ತನಕ ಒಂದು ಪ್ರದೇಶವನ್ನು ತಾತ್ಕಾಲಿಕ ಕೆಂಪು ವಲಯ ಮಾಡುವ ಅಧಿಕಾರ ಪೊಲೀಸ್ ಸೂಪರಿಂಟೆಂಡೆಂಟರ ದರ್ಜೆಯ ಅಧಿಕಾರಿಗಿದೆ. ನಿತ್ಯದ ಸಂತೆ, ಮದುವೆಗೆ ಅಷ್ಟು ದೂರ ಹೋಗಬೇಕಿಲ್ಲ. ಕಲ್ಯಾಣಮಂಟಪದವರು ಅಡ್ವಾನ್ಸ್ ಪಡೆಯುವಾಗ ಪಾತ್ರೆ, ಕುರ್ಚಿ ಲೆಕ್ಕ ಬರೆಸುತ್ತಾರಲ್ಲ, ಅದೇ ಚೀಟಿಯಲ್ಲಿ ಡ್ರೋನಿನ ನೋಂದಣಿ ಸಂಖ್ಯೆ, ಪೈಲಟ್ ಸರ್ಟಿಫಿಕೇಟು, ವಿಮೆ ಎಂದು ಇನ್ನೊಂದು ಸಾಲು ಸೇರಿಸಲಿ. ದಿಬ್ಬಣ ಇಳಿಯುವ ಜಾಗ ಬಿಟ್ಟು ಜನ ಬಸ್ಸಿಗೆ ಕಾಯುವ ಕಡೆ ಅದನ್ನು ತರಬಾರದೆಂದೂ ಬರೆಸಲಿ. ಬಿದ್ದು ಅಪಘಾತವಾದರೆ ಹಾರಿಸಿದವರೇ 48 ಗಂಟೆಯೊಳಗೆ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ವರದಿ ಕೊಡಬೇಕು. ಮುರಿದ ರೆಕ್ಕೆ ಆರಿಸಿಕೊಂಡು ಕಾರು ಹತ್ತಿ ಹೋಗುವಂತಿಲ್ಲ.