ಮದ್ದೂರು ವಡೆ: ಹಳಿಯಿಂದ ಹೆದ್ದಾರಿಗೆ

ಕಿರುಗಾವಲಿನಿಂದ ಮಳವಳ್ಳಿ ಮಾರ್ಗವಾಗಿ ಮದ್ದೂರಿಗೆ ಬಂದವರು ವಡೆ ಕಟ್ಟಿಸಿಕೊಳ್ಳದೆ ಹಿಂತಿರುಗುವುದು ಅಪರೂಪ. ಈ ವಡೆಯ ಹುಟ್ಟಿಗೆ ಕಾರಣ ರೈಲು. 1917ರ ಸುಮಾರಿಗೆ ನಿಲ್ದಾಣದಲ್ಲಿ ಪಕೋಡ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು, ಒಮ್ಮೆ ರೈಲು ಬೇಗ ಬಂದಾಗ ಅದೇ ಹಿಟ್ಟನ್ನು ತಟ್ಟಿ ಕರಿದರೆಂಬುದು ಜನಜನಿತ ಕಥೆ. ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ, ಕರಿಬೇವು ಬೆರೆತ ಈ ಗರಿಗರಿ ವಡೆಗೆ ಚಟ್ನಿ ಬೇಕೆಂದೇನಿಲ್ಲ. ಕಾಗದದಲ್ಲಿ ಸುತ್ತಿಕೊಂಡರೆ ಊರು ತಲುಪುವವರೆಗೂ ಕೆಡದು. ಪ್ರಯಾಣಿಕರಿಗೆ ಅದು ಒಗ್ಗಿದ್ದೇ ಈ ಗುಣದಿಂದ.

ರೈಲಿನ ಜೊತೆಗೆ ಬೆಂಗಳೂರು-ಮೈಸೂರು ರಸ್ತೆಯೂ ವಡೆಯನ್ನು ಸಾಕಿತು. ಆದರೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ಮದ್ದೂರು ಪಟ್ಟಣವನ್ನು ಬಳಸಿ ಸಾಗುತ್ತದೆ. ಪ್ರಯಾಣಿಕರಿದ್ದಲ್ಲಿಗೆ ಹೋಗುತ್ತಿದ್ದ ವಡೆಗಾಗಿ ಈಗ ಪ್ರಯಾಣಿಕರೇ ಹೆದ್ದಾರಿ ಬಿಟ್ಟು ಊರೊಳಗೆ ತಿರುಗಬೇಕು. ಊರಿನ ಹಳೆಯ ಹೋಟೆಲುಗಳು ಆ ತಿರುವನ್ನೇ ನೆಚ್ಚಿಕೊಂಡಿವೆ.